ಕೇಳದೆಯೇ ಕೊಡಲಿಲ್ಲವೆಂಬ ದೂರು

ಪ್ರತಿವರ್ಷ ಆಗಸ್ಟ್ ೩ನೆಯ ತಾರೀಖು ಬಂದಿತೆಂದರೆ ಅಂಗದಾನದ ದಿನಾಚರಣೆಯ ಸಭೆಗಳು ಅಲ್ಲಲ್ಲಿ ನೆರೆಯುತ್ತವೆ. ೧೯೯೪ನೆಯ ಇಸವಿಯ ಅದೇ ತಾರೀಖಿನಂದು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ವೇಣುಗೋಪಾಲರು ಮೃತರೊಬ್ಬರ ಹೃದಯವನ್ನು ಬೇರೊಬ್ಬ ರೋಗಿಯ ಎದೆಯಲ್ಲಿ ನೆಲೆಗೊಳಿಸಿದರು. ಈ ದೇಶದಲ್ಲಿ ಸಫಲವಾದ ಮೊದಲನೆಯ ಹೃದಯಕಸಿ ಅದು. ೨೦೨೩ರಿಂದ ಆ ದಿನವೇ ರಾಷ್ಟ್ರೀಯ ದಿನವೆನಿಸಿದೆ. ದೀಪ, ಹೂಮಾಲೆ, ಪ್ರತಿಜ್ಞಾಪತ್ರ, ಭಾಷಣ, ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಆ ಭಾಷಣಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಹಳ್ಳಿಗಾಡಿನ ಜನರು ಮೂಢನಂಬಿಕೆಯಲ್ಲಿ ಮುಳುಗಿರುವರು, ಇಂದು ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುವೆವೆಂದು ಹೆದರುವರು, ಆದಕಾರಣ ಅಂಗಗಳು ದೊರೆಯುವದಿಲ್ಲ, ಆದಕಾರಣ ರೋಗಿಗಳು ಸಾಯುವರು. ಇಷ್ಟು ಹೇಳಿ ಭಾಷಣಕಾರರು ಕುಳಿತುಕೊಳ್ಳುತ್ತಾರೆ, ಸಭಿಕರು ಚಪ್ಪಾಳೆಯಿಕ್ಕುತ್ತಾರೆ.

ಈ ಮಾತನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳ ಮೇಲೆ ಹೊರಿಸಿ ನೋಡಿದರೆ ಅದು ಎಷ್ಟು ಟೊಳ್ಳೆಂಬದು ತಿಳಿಯುವದು. ಕೊಡದಿರುವದು ಬೇರೆ, ಕೇಳಲ್ಪಡದಿರುವದು ಬೇರೆ. ಬಾಗಿಲಿಗೆ ಯಾರೂ ಬಾರದ ಮನೆಯವನನ್ನು ಭಿಕ್ಷೆ ಹಾಕದ ಜಿಪುಣನೆಂದು ಊರ ಚಾವಡಿಯಲ್ಲಿ ದೂರಿದರೆ ಅದನ್ನು ನ್ಯಾಯವೆನ್ನಲು ಬಾರದು. ಆ ಮೂರು ತಾಲೂಕುಗಳಲ್ಲಿ ಅಂಗಕ್ಕಾಗಿ ಕಾಯುವ ಮನೆಗಳುಂಟು. ಅಂಗ ಕೊಡಬಹುದಾಗಿದ್ದ ಮನೆಗಳೂ ಉಂಟು. ಇವೆರಡರ ನಡುವೆ ನಿಲ್ಲಬೇಕಾದವರು ಎಲ್ಲಿದ್ದಾರೆಂಬದೇ ಇಲ್ಲಿಯ ಪ್ರಶ್ನೆ.

ಮೊದಲು ಕಾಯುವವರ ಮನೆಯನ್ನು ವಾಚಕರು ಊಹಿಸಿಕೊಳ್ಳಬೇಕು. ಒಂದೇ ಮನೆಯ ಹೆಸರು ಹೇಳುವ ಕಾರಣವಿಲ್ಲ. ಈ ಬೇನೆಯಿರುವ ಮನೆಗಳ ಸ್ಥಿತಿಯೆಲ್ಲ ಹೆಚ್ಚುಕಡಿಮೆ ಒಂದೇ. ನಲವತ್ತರ ಆಸುಪಾಸಿನ ಗೃಹಸ್ಥನಿಗೆ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯ ಹೊತ್ತು, ಅವನ ರಕ್ತವನ್ನು ಯಂತ್ರವೊಂದು ತೊಳೆದುಕೊಡಬೇಕು. ಇದಕ್ಕೆ ಡಯಾಲಿಸಿಸ್ ಎನ್ನುವರು. ೨೦೧೬ರಿಂದ ಕೇಂದ್ರ ಸರ್ಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದನ್ನು ಉಚಿತವಾಗಿ ಒದಗಿಸುವ ಕಾರ್ಯಕ್ರಮವನ್ನು ತಂದಿತು. ಕರ್ನಾಟಕದಲ್ಲಿ ತಾಲೂಕು ಆಸ್ಪತ್ರೆಗಳವರೆಗೂ ಯಂತ್ರಗಳು ಬಂದುದು ನಿಜವಾಗಿಯೂ ಶ್ಲಾಘ್ಯವಾದ ಸಂಗತಿ. ಆದರೆ ಯಂತ್ರವು ಜೀವವನ್ನು ಹಿಡಿದಿಡುವದೇ ಹೊರತು ಜೀವನವನ್ನು ಹಿಂದಿರುಗಿಸುವದಿಲ್ಲ. ವಾರದಲ್ಲಿ ಮೂರು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗುವವನಿಗೆ ಕೂಲಿಯ ಕೆಲಸ ದೊರೆಯದು. ದೊರೆತರೂ ಆ ಮೈಯಲ್ಲಿ ದುಡಿಯುವ ಕಸುವಿರದು.

ಇವೆಲ್ಲಕ್ಕೂ ಮಿಗಿಲಾದುದು ನೀರಿನ ಕಟ್ಟಳೆ. ಕುಡಿದ ನೀರು ದೇಹದಿಂದ ಹೊರಬೀಳುವ ದಾರಿಯೇ ಮುಚ್ಚಿರುವದರಿಂದ ದಿನಕ್ಕೆ ಇಂತಿಷ್ಟೇ ಎಂದು ಅಳೆದು ಕುಡಿಯಬೇಕು. ಎಳನೀರು ಕೂಡದು, ಬಾಳೆಹಣ್ಣು ಕೂಡದು. ಅವುಗಳಲ್ಲಿರುವ ಪೊಟ್ಯಾಸಿಯಮ್ ಎಂಬ ಲವಣವು ಹೃದಯದ ಬಡಿತವನ್ನೇ ಕೆಡಿಸುವದು. ರಾಯಚೂರು ಜಿಲ್ಲೆಯ ವೈಶಾಖಮಾಸವೆಂದರೆ ಏನೆಂಬದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಲವತ್ತು ಡಿಗ್ರಿಯನ್ನು ಮೀರಿದ ಬಿಸಿಲಿನಲ್ಲಿ, ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿಯುವ ಊರಿನಲ್ಲಿ ಕುಳಿತು, ಚಿಕ್ಕ ಲೋಟದಿಂದ ಗುಟುಕು ಗುಟುಕಾಗಿ ಎಣಿಸಿ ಕುಡಿಯುವ ಗಂಡನೆದುರಿಗೆ ಹೆಂಡತಿಯು ತಾನೂ ನೀರು ಕುಡಿಯಲು ನಾಚಿ ಅಡಿಗೆಮನೆಯ ಮರೆಗೆ ಹೋಗಿ ಕುಡಿಯುವಳು.

ಮೂತ್ರಪಿಂಡವನ್ನು ಬದುಕಿರುವವರೂ ಕೊಡಬಹುದು. ಮನುಷ್ಯನಿಗೆ ಒಂದಿದ್ದರೂ ಸಾಗುವದು. ೧೯೫೪ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಮರ್ರೆ ಎಂಬವರು ಅವಳಿ ಸಹೋದರರಲ್ಲಿ ಒಬ್ಬನದನ್ನು ಇನ್ನೊಬ್ಬನಿಗಿತ್ತು ಇದನ್ನು ಸಾಧಿಸಿ ತೋರಿಸಿದರು. ೧೯೯೪ರ ಕಾನೂನಿನ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ ಕೊಡಬಹುದು. ೨೦೧೧ರ ತಿದ್ದುಪಡಿಯಿಂದ ಅಜ್ಜ ಅಜ್ಜಿ ಮೊಮ್ಮಕ್ಕಳೂ ಸೇರಿದರು. ಹೀಗಾಗಿ ಮನೆಯಲ್ಲಿ ಮೊದಲ ದೃಷ್ಟಿ ಬೀಳುವದು ಯಾರ ಮೇಲೆ? ತಾಯಿಯ ಮೇಲೆ, ತಪ್ಪಿದರೆ ಹೆಂಡತಿಯ ಮೇಲೆ, ಅದೂ ತಪ್ಪಿದರೆ ಅಕ್ಕತಂಗಿಯರ ಮೇಲೆ. ಅಣ್ಣತಮ್ಮಂದಿರು ದುಡಿಯುವವರು, ಅವರಿಗೆ ಕತ್ತಿ ತಾಗಿಸುವದು ಹೇಗೆಂಬ ಮಾತು ಹಿರಿಯರ ಬಾಯಿಂದ ತಾನಾಗಿಯೇ ಬರುವದು, ಹೆಂಗಸರು ದುಡಿಯುವವರಲ್ಲವೆಂಬಂತೆ! ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಬಗ್ಗಿ ನಾಟಿ ಹಚ್ಚುವವರು ಯಾರೆಂಬದನ್ನು ಆ ಹಿರಿಯರು ಹೋಗಿ ನೋಡಲಿ. ಇದು ಒಂದು ಜಿಲ್ಲೆಯ ದೋಷವೂ ಅಲ್ಲ. ೨೦೨೩ರಲ್ಲಿ ಇಡೀ ದೇಶದಲ್ಲಿ ಬದುಕಿರುವಾಗಲೇ ಅಂಗವನ್ನಿತ್ತವರು ಸುಮಾರು ೧೫,೪೦೦ ಜನ. ಅವರಲ್ಲಿ ೯,೭೦೦ಕ್ಕೂ ಹೆಚ್ಚು ಹೆಂಗಸರು. ಪಡೆದವರಲ್ಲಿ ಗಂಡಸರೇ ಬಹುಸಂಖ್ಯಾತರು. ಮೃತರ ಅಂಗವು ದೊರೆಯದೆ ಹೋದಾಗ ಆ ಕೊರತೆಯನ್ನು ತುಂಬುವದು ಹೆಣ್ಣಿನ ಒಡಲೇ. ೨೦೨೫ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಂಸ್ಥೆಯು ಕಾಯುವವರ ಪಟ್ಟಿಯಲ್ಲಿ ಹೆಂಗಸರಿಗೆ ಆದ್ಯತೆ ಕೊಡಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಒಳ್ಳೆಯದು. ಆದರೆ ಹೆಂಡತಿಗೇ ರೋಗ ಬಂದಲ್ಲಿ ಅವಳ ಹೆಸರನ್ನು ಆ ಪಟ್ಟಿಗೆ ಬರೆಯಿಸಲು ಬೆಂಗಳೂರಿನವರೆಗೆ ಕರೆದೊಯ್ಯುವ ಗಂಡಂದಿರು ಎಷ್ಟು ಮಂದಿಯೆಂಬದನ್ನು ಓದುಬಲ್ಲ ಮನೆತನಗಳೂ ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳುವದು ಒಳ್ಳೆಯದು.

ಮನೆಯವರ ರಕ್ತವರ್ಗ ಹೊಂದದೆ, ತಾಯಿಗೆ ಸಕ್ಕರೆಯ ರೋಗವಿದ್ದು, ತಂಗಿಯ ಅತ್ತೆಮಾವಂದಿರು ಒಪ್ಪದೆ ಹೋದರೆ ಉಳಿಯುವ ದಾರಿ ಒಂದೇ: ಮೃತರ ಅಂಗಕ್ಕಾಗಿ ಹೆಸರು ಬರೆಯಿಸಿ ಕಾಯುವದು. ಕರ್ನಾಟಕದಲ್ಲಿ ೨೦೦೭ರಲ್ಲಿ ವಲಯ ಸಮನ್ವಯ ಸಮಿತಿಯೆಂಬ ಹೆಸರಿನಿಂದ ಆರಂಭವಾದ, ಈಗ ‘ಜೀವಸಾರ್ಥಕತೆ’ ಎಂದು ಕರೆಯಲ್ಪಡುವ ಸಂಸ್ಥೆಯು ಈ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಸಿರಿವಂತ ಬಡವನೆಂಬ ಭೇದವಿಲ್ಲ. ರಕ್ತವರ್ಗ, ಕಾದ ಕಾಲ, ರೋಗದ ಸ್ಥಿತಿ ಇವೇ ಪ್ರಮಾಣಗಳು. ಇದನ್ನು ಅಲ್ಲಗಳೆಯುವ ಇಚ್ಛೆ ಯಾರಿಗೂ ಇಲ್ಲ. ಆದರೆ ಕಸಿ ನಡೆಯುವ ಆಸ್ಪತ್ರೆಗಳಲ್ಲಿ ಬಹುಪಾಲು ಬೆಂಗಳೂರಿನವು. ಸಿಂಧನೂರಿನಿಂದ ಬೆಂಗಳೂರಿಗೆ ನಾಲ್ಕುನೂರು ಕಿಲೋಮೀಟರಿನ ಆಸುಪಾಸು. ಲಿಂಗಸುಗೂರಿನಿಂದ ಇನ್ನೂ ಹೆಚ್ಚು. ಕಾಲುವೆಯ ಕೊನೆಯಂಚಿನಲ್ಲಿ ಹೊಲವುಳ್ಳ ರೈತನಿಗೆ ಈ ಸ್ಥಿತಿಯು ಹೊಸತಲ್ಲ. ದಾಖಲೆಯಲ್ಲಿ ಅವನ ನೀರಿನ ಹಕ್ಕು ಮೇಲಿನ ಹೊಲದವನಷ್ಟೇ ಇರುವದು, ಸರದಿಯೂ ಇರುವದು, ನೀರು ಮಾತ್ರ ಅಲ್ಲಿಗೆ ಮುಟ್ಟುವದಿಲ್ಲ.

ಕರೆ ಬರುವದು ಸಾಮಾನ್ಯವಾಗಿ ಅವೇಳೆಯಲ್ಲಿ. ಅಂಗವನ್ನು ದೇಹದಿಂದ ತೆಗೆದ ಮೇಲೆ ಹೃದಯವು ನಾಲ್ಕೈದು ಗಂಟೆ, ಯಕೃತ್ತು ಹನ್ನೆರಡು ಗಂಟೆಯ ಒಳಗೆ, ಮೂತ್ರಪಿಂಡವು ಒಂದು ದಿನ ಮಿಕ್ಕಿ ಉಳಿಯಬಲ್ಲುದು. ಬೆಂಗಳೂರಿನ ನಿವಾಸಿಯು ಅರ್ಧ ತಾಸಿನಲ್ಲಿ ಆಸ್ಪತ್ರೆಯ ಮೆಟ್ಟಿಲೇರುವನು. ಮಸ್ಕಿಯವನು ನಡುರಾತ್ರಿಯಲ್ಲಿ ಬಾಡಿಗೆಯ ಮೋಟಾರು ಹುಡುಕಬೇಕು, ಹಣ ಹೊಂದಿಸಬೇಕು, ಮಕ್ಕಳನ್ನು ನೆರೆಯವರಲ್ಲಿ ಬಿಡಬೇಕು, ಎಂಟು ತಾಸು ಪ್ರಯಾಣ ಮಾಡಬೇಕು. ಅಲ್ಲಿ ಹೋಗಿ ನೋಡಿದರೆ ಕರೆಯಲ್ಪಟ್ಟವನು ಅವನೊಬ್ಬನೇ ಅಲ್ಲ. ಒಬ್ಬನಿಗೆ ಜ್ವರವಿರಬಹುದು, ಇನ್ನೊಬ್ಬನ ರಕ್ತವು ಆ ಅಂಗವನ್ನು ಒಲ್ಲೆನೆನ್ನಬಹುದು. ಆದುದರಿಂದ ಒಂದು ಅಂಗಕ್ಕೆ ಹಲವರನ್ನು ಕರೆದು ಪರೀಕ್ಷಿಸುವದು ವೈದ್ಯಶಾಸ್ತ್ರದ ಅಗತ್ಯ. ದೊರೆಯುವದು ಒಬ್ಬನಿಗೆ. ಉಳಿದವರು ಹಿಂದಿರುಗಬೇಕು. ಹೀಗೆ ಒಂದೆರಡು ಸಲ ಬರಿಗೈಯಲ್ಲಿ ಹಿಂದಿರುಗಿದ ಮನೆಯವರಿಗೆ ಮೂರನೆಯ ಕರೆ ಬಂದಾಗ ಹೊರಡುವ ಧೈರ್ಯವೂ ಹಣವೂ ಉಳಿದಿರುವದೇ ಆಶ್ಚರ್ಯ.

ಆ ಮನೆಯವರನ್ನು ಒಳಗೊಳಗೇ ಕೊರೆಯುವ ಇನ್ನೊಂದು ನೋವಿದೆ. ‘ನಾವು ಯಾರ ಸಾವಿಗಾಗಿಯೋ ಕಾಯುತ್ತಿದ್ದೇವೆ’ ಎಂಬ ಪಾಪಭೀತಿ. ದೇವರ ಮುಂದೆ ಕುಳಿತರೂ ಏನೆಂದು ಬೇಡಬೇಕೆಂಬದು ತಿಳಿಯದು. ಇಂಥ ಸೂಕ್ಷ್ಮವಾದ ಧರ್ಮಸಂಕಟವನ್ನು ಅನುಭವಿಸುವ ಜನರನ್ನು ವೇದಿಕೆಯ ಮೇಲಿನಿಂದ ಮೂಢರೆಂದು ಕರೆಯುವರು!

ಇನ್ನು ಮೂಢನಂಬಿಕೆಯ ಮಾತು. ಇಂದು ಅಂಗ ಕೊಟ್ಟವನು ಮುಂದೆ ಅಂಗಹೀನನಾಗಿ ಹುಟ್ಟುವನೆಂಬ ಮಾತನ್ನು ಆಡುವವರು ಇಲ್ಲವೆಂದಲ್ಲ. ಅದನ್ನು ಶಾಸ್ತ್ರದ ಹೆಸರಿನಲ್ಲಿ ಆಡುವವರೂ ಉಂಟು. ಅವರಿಗೆ ಶಾಸ್ತ್ರದಿಂದಲೇ ಉತ್ತರ ಹೇಳಬೇಕು. ಇಂದ್ರಿಯ ಬೇರೆ, ಗೋಲಕ ಬೇರೆಯೆಂಬದು ವೇದಾಂತದ ಮೊದಲ ಪಾಠಗಳಲ್ಲೊಂದು. ನೋಡುವ ಶಕ್ತಿಯು ಇಂದ್ರಿಯ. ಮುಖದ ಮೇಲೆ ಕಾಣುವ ಕಣ್ಣಿನ ಗುಡ್ಡೆಯು ಅದರ ಗೋಲಕ ಮಾತ್ರ. ಜೀವನೊಡನೆ ದೇಹಾಂತರಕ್ಕೆ ಸಾಗುವದು ಲಿಂಗಶರೀರ. ಗೋಲಕವು ಸ್ಥೂಲದೇಹದೊಡನೆ ಇಲ್ಲಿಯೇ ಉಳಿಯುವದು. ಗೋಲಕವಿಲ್ಲದೆ ಮರುಜನ್ಮದಲ್ಲಿ ಕಣ್ಣಿಲ್ಲವೆಂದಾದರೆ ಚಿತೆಯ ಮೇಲೆ ಇಡೀ ದೇಹವನ್ನೇ ಬೆಂಕಿಗಿಕ್ಕಿದವನು ಮುಂದೆ ಯಾವ ಅಂಗವೂ ಇಲ್ಲದೆ ಹುಟ್ಟಬೇಕಾಗಿತ್ತಲ್ಲವೆ? ಮಣ್ಣು ಮಾಡುವ ಮತದವರಿಗಾದರೂ ಮಣ್ಣು ಏನನ್ನು ಉಳಿಸಿಕೊಡುವದು? ಅಂಗವನ್ನು ತೆಗೆದ ಮೇಲೆ ದೇಹವನ್ನು ಹೊಲಿದು, ಗೌರವದಿಂದ ಮನೆಯವರಿಗೆ ಒಪ್ಪಿಸುವರು. ಸಂಸ್ಕಾರಕ್ಕೆ ಯಾವ ಲೋಪವೂ ಬರುವದಿಲ್ಲ.

ಆದರೆ ಈ ಭ್ರಾಂತಿಯೇ ಮುಖ್ಯ ಕಾರಣವೆಂದು ನಂಬುವದೂ ಇನ್ನೊಂದು ಭ್ರಾಂತಿ. ೨೦೦೬ರ ಏಪ್ರಿಲಿನಲ್ಲಿ ಡಾ. ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ೨೦೨೧ರ ಅಕ್ಟೋಬರ್ ೨೯ರಂದು ಅವರ ಮಗ ಪುನೀತರು ಅಕಾಲಮರಣಕ್ಕೀಡಾದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದನ್ನು ಕೇಳಿ ನಾಡಿನ ಮೂಲೆಮೂಲೆಗಳಿಂದ ಸಾಮಾನ್ಯ ಜನರು ನೇತ್ರದಾನಕ್ಕೆ ಹೆಸರು ಬರೆಯಿಸಲು ಮುಂದಾದರು. ಅದೇ ವರ್ಷದ ಜೂನಿನಲ್ಲಿ ನಟ ಸಂಚಾರಿ ವಿಜಯರು ದ್ವಿಚಕ್ರ ವಾಹನದ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಮೆದುಳಿನ ಮರಣಕ್ಕೆ ಒಳಗಾದಾಗ, ಕಡೂರು ತಾಲೂಕಿನ ಹಳ್ಳಿಯ ಆ ಮನೆತನದವರು ಅವರ ಅಂಗಗಳನ್ನು ದಾನವಿತ್ತರು. ಆಗ ಯಾವ ಮೂಢನಂಬಿಕೆ ಅಡ್ಡಬಂದಿತು? ಮುದಗಲ್ಲಿನ ಮೊಹರಮ್ಮಿಗೆ ಹಿಂದೂಗಳೂ ಹರಕೆ ಹೊತ್ತು ಬರುವ ಸೀಮೆಯಿದು. ಪರರ ನೋವು ಕಣ್ಣಿಗೆ ಬಿದ್ದರೆ ಕರಗದ ಜನ ಇಲ್ಲಿಯವರಲ್ಲ.

ಹಾಗಾದರೆ ತೊಡಕೆಲ್ಲಿ? ದೇಶದಲ್ಲಿ ೨೦೨೩ರಲ್ಲಿ ರಸ್ತೆಯ ಅಪಘಾತಗಳಲ್ಲಿ ಮಡಿದವರು ೧.೭೨ ಲಕ್ಷ. ಅದೇ ವರ್ಷ ಮರಣೋತ್ತರವಾಗಿ ಅಂಗವನ್ನಿತ್ತವರು ೧,೦೯೯. ಅವರಲ್ಲಿ ಕರ್ನಾಟಕದವರು ೧೭೮, ತೆಲಂಗಾಣದವರು ೨೫೨. ಅಪಘಾತದಲ್ಲಿ ಸತ್ತವರೆಲ್ಲರೂ ಅಂಗ ಕೊಡಲಾರರೆಂಬದು ನಿಜ. ಮೆದುಳಿನ ಕಾಂಡವು ಸತ್ತು, ಯಂತ್ರದ ಉಸಿರಿನಿಂದ ಹೃದಯವು ಇನ್ನೂ ಮಿಡಿಯುತ್ತಿರುವವರಿಂದ ಮಾತ್ರ ಹೃದಯ ಮೂತ್ರಪಿಂಡಾದಿಗಳನ್ನು ಸಾಮಾನ್ಯವಾಗಿ ಪಡೆಯುವರು. ಆದರೂ ಈ ಎರಡು ಸಂಖ್ಯೆಗಳ ಅಂತರವನ್ನು ಬರಿಯ ಜನರ ಅಜ್ಞಾನದಿಂದ ವಿವರಿಸಲಾಗದು.

ಕಾನೂನು ಹೇಳುವದಿಷ್ಟು. ನಾಲ್ವರು ವೈದ್ಯರ ಮಂಡಳಿಯು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮೆದುಳಿನ ಮರಣವನ್ನು ನಿಶ್ಚಯಿಸಬೇಕು. ಕಸಿ ಮಾಡುವ ವೈದ್ಯನು ಆ ಮಂಡಳಿಯಲ್ಲಿರಕೂಡದು. ೨೦೧೧ರ ತಿದ್ದುಪಡಿಯು ಇನ್ನೂ ಎರಡು ಮಾತುಗಳನ್ನು ಸೇರಿಸಿತು. ಕಸಿಯ ಸೌಕರ್ಯವಿಲ್ಲದಿದ್ದರೂ ತೀವ್ರನಿಗಾ ಘಟಕವಿರುವ ಆಸ್ಪತ್ರೆಯು ಅಂಗಗಳನ್ನು ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಎರಡನೆಯದು, ಅಂಥ ಘಟಕದ ವೈದ್ಯನು ಸಮನ್ವಯಾಧಿಕಾರಿಯೊಡನೆ ಕೂಡಿ ಮೃತನ ಮನೆಯವರಲ್ಲಿ ದಾನದ ವಿಷಯವನ್ನು ತಿಳಿಸಿ ಕೇಳತಕ್ಕದ್ದು. ಕೇಳಿದರೆ ಕೇಳಬಹುದೆಂದಲ್ಲ, ಕೇಳತಕ್ಕದ್ದೇ.

ಈಗ ಸಿಂಧನೂರು ರಾಯಚೂರುಗಳ ನಡುವಣ ರಸ್ತೆಯಲ್ಲಿ ಬಿದ್ದು ತಲೆಯೊಡೆದ ತರುಣನನ್ನು ನೆನೆಯಬೇಕು. ತಾಲೂಕಿನ ಆಸ್ಪತ್ರೆಯಿಂದ ಜಿಲ್ಲೆಗೆ, ಅಲ್ಲಿಂದ ಬಳ್ಳಾರಿಗೋ ಹೈದರಾಬಾದಿಗೋ ಅವನನ್ನು ಸಾಗಿಸುವರು. ದಾರಿಯಲ್ಲಿ ಉಳಿದರೆ ಉಳಿದನು. ಎಲ್ಲಿಯೋ ಒಂದು ಕಡೆ ‘ಇನ್ನು ಫಲವಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ’ ಎಂಬ ಮಾತು ಬರುವದು. ಮನೆಯವರು ಮೈಮೇಲಿನ ಪ್ರಜ್ಞೆಯಿಲ್ಲದೆ ಅಂಬುಲೆನ್ಸಿಗೆ ಹಣ ಕೊಟ್ಟು ಊರಿಗೆ ಮರಳುವರು. ಆ ಇಡೀ ಪ್ರಯಾಣದಲ್ಲಿ ಮೆದುಳಿನ ಮರಣವೆಂದರೇನೆಂದು ಅವರನ್ನು ಕುಳ್ಳಿರಿಸಿ ತಿಳಿಸಿ ಹೇಳುವವರು ಎಷ್ಟು ಕಡೆ ಇದ್ದಾರೆ? ಎದೆ ಏರಿಳಿಯುತ್ತಿರುವ ಮಗನನ್ನು ಸತ್ತನೆಂದು ನಂಬಲು ತಾಯಿಗೆ ಒಂದು ಹಗಲು ಒಂದು ರಾತ್ರಿ ಬೇಕು. ತಾಳ್ಮೆಯಿಂದ ಹೇಳುವ ಒಬ್ಬ ಮನುಷ್ಯನು ಬೇಕು. ವೈದ್ಯರು ಅಂಗಕ್ಕಾಗಿ ಬೇಗ ಸಾಯಿಸುವರೋ ಏನೋ ಎಂಬ ಅನುಮಾನವೂ ಹಳ್ಳಿಯವರಲ್ಲಿ ಉಂಟು. ಅದನ್ನು ನಗೆಯಾಡಬಾರದು. ೧೯೯೪ರ ಕಾನೂನು ಹುಟ್ಟಿದುದೇ ದೊಡ್ಡ ನಗರಗಳಲ್ಲಿ ಬಡವರ ಮೂತ್ರಪಿಂಡಗಳು ಮಾರಾಟವಾಗುತ್ತಿದ್ದ ಕಾರಣದಿಂದ. ಒಮ್ಮೆ ಮಾರುಕಟ್ಟೆಯನ್ನು ಕಂಡವರಿಗೆ ದಾನದ ಮೇಲೆ ನಂಬಿಕೆ ಹುಟ್ಟಬೇಕಾದರೆ ಅವರೆದುರಿಗೆ ಕುಳಿತು ಮಾತಾಡಬೇಕು, ಭಿತ್ತಿಪತ್ರ ಅಂಟಿಸಿದರಾಗದು.

ಪುರಾಣದ ದಾನಿಗಳ ಹೆಸರನ್ನು ಅಂಗದಾನದ ಭಾಷಣಕಾರರು ಧಾರಾಳವಾಗಿ ಬಳಸುವರು. ದಧೀಚಿಯು ಬೆನ್ನೆಲುಬನ್ನು ಕೊಟ್ಟನು, ಶಿಬಿಯು ತೊಡೆಯ ಮಾಂಸವನ್ನು ಕೊಟ್ಟನು, ಕರ್ಣನು ಕವಚಕುಂಡಲಗಳನ್ನು ಕೊಟ್ಟನು. ಎಲ್ಲವೂ ಸರಿ. ಆದರೆ ಈ ಕಥೆಗಳ ಪೂರ್ವಾರ್ಧವನ್ನು ಅವರು ಮರೆಯುವರು. ದಧೀಚಿಯ ಆಶ್ರಮಕ್ಕೆ ದೇವತೆಗಳೇ ನಡೆದುಹೋಗಿ ಕೈಮುಗಿದು ಬೇಡಿದರು. ಅಮರಾವತಿಗೆ ಬಂದು ಅರ್ಜಿ ಕೊಡೆಂದು ಋಷಿಗೆ ಹೇಳಿಕಳುಹಲಿಲ್ಲ. ಶಿಬಿಯ ತೊಡೆಯ ಮೇಲೆ ಪಾರಿವಾಳವೇ ಬಂದು ಬಿದ್ದಿತು. ಕರ್ಣನ ಬಾಗಿಲಿಗೆ ಇಂದ್ರನೇ ಬಂದನು. ಯಾಚಕನಿಲ್ಲದೆ ಇವರಾರೂ ದಾನಿಗಳಾಗಲಿಲ್ಲ. ಕೇಳದೆಯೇ ಕೊಟ್ಟವನೆಂದರೆ ಬೇಡರ ಕಣ್ಣಪ್ಪನೊಬ್ಬನು. ಅವನಾದರೂ ದೇವರ ಕಣ್ಣಿನಿಂದ ರಕ್ತ ಸುರಿಯುವದನ್ನು ಎದುರಿಗೇ ಕಂಡನು. ರಾಯಚೂರಿನ ಆಸ್ಪತ್ರೆಯ ಹೊರಗೆ ಅಳುತ್ತ ನಿಂತ ತಾಯಿಗೆ ಲಿಂಗಸುಗೂರಿನಲ್ಲಿ ನೀರನ್ನು ಅಳೆದು ಕುಡಿಯುವವನು ಕಾಣುವದಿಲ್ಲ. ತೋರಿಸುವವರು ಬೇಕು.

ಸ್ಪೇನ್ ದೇಶದ ದೃಷ್ಟಾಂತವನ್ನು ಇಲ್ಲಿ ಹೇಳುವದು ಯುಕ್ತ. ಅಂಗದಾನದಲ್ಲಿ ಆ ದೇಶವು ಬಹುಕಾಲದಿಂದ ಲೋಕಕ್ಕೆ ಮುಂದು. ಹತ್ತು ಲಕ್ಷ ಜನಸಂಖ್ಯೆಗೆ ಅಲ್ಲಿ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಜನ ಮರಣೋತ್ತರ ದಾನಿಗಳಾದರೆ, ಭಾರತದಲ್ಲಿ ಒಬ್ಬನೂ ಆಗುವದಿಲ್ಲ. ಒಲ್ಲೆನೆಂದು ಬರೆದಿಡದವರೆಲ್ಲ ದಾನಿಗಳೇ ಎಂಬ ಕಾನೂನನ್ನು ಅವರು ೧೯೭೯ರಲ್ಲಿಯೇ ಮಾಡಿದರು. ಅದರಿಂದ ದೊಡ್ಡ ಲಾಭವೇನೂ ಆಗಲಿಲ್ಲ. ೧೯೮೯ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ತರಬೇತಿ ಹೊಂದಿದ ವೈದ್ಯರನ್ನು ಮನೆಯವರೊಡನೆ ಮಾತಾಡುವದಕ್ಕೆಂದೇ ನೇಮಿಸಿದ ಮೇಲೆ ಸಂಖ್ಯೆ ಏರಿತು. ಆ ಸಂಸ್ಥೆಯನ್ನು ಕಟ್ಟಿದ ಡಾ. ಮತೆಸಾನ್ಸ್ ಎಂಬವರು ಕೂಡ ಯಶಸ್ಸಿನ ಕಾರಣವು ಕಾನೂನಲ್ಲ, ವ್ಯವಸ್ಥೆಯೆಂದೇ ಹೇಳುತ್ತ ಬಂದರು.

ರಾಯಚೂರಿನ ಜನರು ೨೦೨೨ರ ಮೇ ತಿಂಗಳಿಂದ ಏಮ್ಸ್ ಸಂಸ್ಥೆ ಬೇಕೆಂದು ಧರಣಿ ಕುಳಿತರು. ಅದು ಸಾವಿರ ದಿನಗಳನ್ನೂ ದಾಟಿ ನಡೆಯಿತು. ಬೇಡಿಕೆ ನ್ಯಾಯವಾದುದು. ಆದರೆ ಕೇಳುವ ಕೆಲಸಕ್ಕೆ ಏಮ್ಸ್ ಬರುವವರೆಗೆ ಕಾಯಬೇಕಾಗಿಲ್ಲ. ಒಬ್ಬ ಸಮನ್ವಯಾಧಿಕಾರಿ, ಒಂದು ಕೋಣೆ, ನಾಲ್ಕು ಕುರ್ಚಿಗಳು ಸಾಕು. ನೇತ್ರದಾನಕ್ಕಂತೂ ತೀವ್ರನಿಗಾ ಘಟಕವೂ ಬೇಡ. ಮನೆಯಲ್ಲಿ ತೀರಿಕೊಂಡವರ ಕಣ್ಣುಗಳನ್ನೂ ಆರು ಗಂಟೆಗಳೊಳಗೆ ತೆಗೆಯಬಹುದು. ಇನ್ನೊಂದು ಸಂಗತಿ. ಈ ಜಿಲ್ಲೆಗೆ ಹತ್ತಿರದ ಮಹಾನಗರವು ಬೆಂಗಳೂರಲ್ಲ, ಹೈದರಾಬಾದು. ೧೯೫೬ರವರೆಗೆ ಅದೇ ರಾಜಧಾನಿ. ೧೯೫೬ರ ಭಾಷಾವಾರು ವಿಂಗಡಣೆಯಿಂದ ಪರರಾಜ್ಯವಾಯಿತು. ಹಲವು ರಾಜ್ಯಗಳು ಪಟ್ಟಿಗೆ ಸೇರಲು ನಿವಾಸದ ಪ್ರಮಾಣಪತ್ರವನ್ನು ಕೇಳುತ್ತಿದ್ದವು. ೨೦೨೩ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆ ನಿರ್ಬಂಧವನ್ನು ತೆಗೆಯಹೇಳಿತು, ೬೫ರ ವಯೋಮಿತಿಯನ್ನೂ ಬಿಡಹೇಳಿತು. ಗಡಿಯ ಜಿಲ್ಲೆಯವರಿಗೆ ಇದರಷ್ಟು ಉಪಯುಕ್ತವಾದ ಸುದ್ದಿ ಮತ್ತೊಂದಿಲ್ಲ. ಅದನ್ನು ಹಳ್ಳಿಗಳಿಗೆ ಮುಟ್ಟಿಸಿದವರು ಮಾತ್ರ ವಿರಳ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆಯೆಂದು ಸಭೆಗಳಲ್ಲಿ ಹೆಮ್ಮೆಪಡುವದುಂಟು. ೧೯೧೫ರಲ್ಲಿ ಆ ಶಾಸನವು ಗೊತ್ತಾದ ಮೇಲೆಯೇ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬದು ನಿಸ್ಸಂದೇಹವಾಯಿತು. ಅದೇ ಅರಸನು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ದೊರೆತಿರುವ ಎರಡನೆಯ ಶಿಲಾಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನೇರ್ಪಡಿಸಿ, ಔಷಧದ ಗಿಡಗಳು ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದುದಾಗಿ ತಿಳಿಸುತ್ತಾನೆ. ಗಿಡವಿಲ್ಲದ ಊರಿನವರನ್ನು ಗಿಡ ಬೆಳೆಸಲರಿಯದ ಮೂಢರೆಂದು ಅವನು ಜರೆಯಲಿಲ್ಲ.

ಮುಂದಿನ ಆಗಸ್ಟ್ ೩ರಂದು ರಾಯಚೂರಿನಲ್ಲಿ ಸಭೆ ನೆರೆದಾಗ, ದೀಪ ಹಚ್ಚುವ ಮೊದಲು ಅಧಿಕಾರಿಗಳು ಮೂರು ಸಂಖ್ಯೆಗಳನ್ನು ಓದಲಿ. ಕಳೆದ ಹನ್ನೆರಡು ತಿಂಗಳಲ್ಲಿ ಜಿಲ್ಲೆಯ ತೀವ್ರನಿಗಾ ಘಟಕಗಳಲ್ಲಿ ಎಷ್ಟು ಜನರ ಮೆದುಳಿನ ಮರಣವನ್ನು ಮಂಡಳಿಯು ಪರೀಕ್ಷಿಸಿ ನಿಶ್ಚಯಿಸಿತು. ಅವರಲ್ಲಿ ಎಷ್ಟು ಜನರ ಮನೆಯವರನ್ನು ದಾನದ ವಿಷಯವಾಗಿ ಕೇಳಲಾಯಿತು. ಕೇಳಿದವರಲ್ಲಿ ಎಷ್ಟು ಜನ ಒಲ್ಲೆವೆಂದರು. ಮೂರನೆಯ ಸಂಖ್ಯೆಯು ದೊಡ್ಡದಾಗಿದ್ದರೆ ಜನರನ್ನು ಬಯ್ಯುವದಕ್ಕೆ ಭಾಷಣಕಾರರಿಗೆ ಪೂರ್ಣ ಅಧಿಕಾರವಿದೆ. ಮೊದಲಿನ ಎರಡೇ ಸೊನ್ನೆಯಾಗಿದ್ದರೆ ಅವರು ಹೂಮಾಲೆಯನ್ನು ಕೆಳಗಿಟ್ಟು, ಆ ದಿನ ಡಯಾಲಿಸಿಸಿನ ಹಾಸಿಗೆಗಳ ಬಳಿಗೆ ಹೋಗಿ ಅಲ್ಲಿ ಮಲಗಿದವರಿಗೆ ಆ ಸಂಖ್ಯೆಯನ್ನು ತಾವೇ ಓದಿ ಹೇಳಲಿ.